ಕೆಮ್ಮಣ್ಣು ಹತ್ತಿದ ಕೈ

ವೆಲ್ಟೆನ್ ಸತ್ತ ಸುದ್ದಿಯನ್ನು ಪಾದ್ರಿಗಳು ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ ಓದಿದರು. ಹಡಗಿನಲ್ಲಿ ಜ್ವರ ಬಂತು, ಅಮೆರಿಕದ ದಂಡೆ ಕಾಣುವ ಮೊದಲೇ ತೀರಿಕೊಂಡ, ದೇಹವನ್ನು ಸಮುದ್ರಕ್ಕೆ ಬಿಟ್ಟರು, ದೇವರು ಅವನ ಆತ್ಮಕ್ಕೆ ಶಾಂತಿ ಕೊಡಲಿ. ಅಷ್ಟು ಹೇಳಿ ಕಾಗದ ತಿರುವಿ, ಮೇಲಿನ ಕೇರಿಯಿಂದ ತಪ್ಪಿಸಿಕೊಂಡ ಹಸುವೊಂದರ ವಿಷಯ ಓದಿದರು.

ವಿಧವೆಯರು ಕೂರುವ ಹಿಂದಿನ ಬೆಂಚಿನಲ್ಲಿದ್ದ ಅವನ ತಾಯಿ ಒಟ್ಟಿಲಿ ಅಳಲಿಲ್ಲ. ಅಕ್ಕಪಕ್ಕದವರು ಅವಳ ತೋಳು ಹಿಡಿದುಕೊಂಡರು. ಅವಳು ಮಾತ್ರ ಎಲ್ಲರಿಗಿಂತ ಮುಂದಿನ ಬೆಂಚಿನಲ್ಲಿದ್ದ ಒಂದು ಕತ್ತನ್ನೇ ನೋಡುತ್ತಿದ್ದಳು. ದಪ್ಪನೆಯ, ಚೆನ್ನಾಗಿ ತಿಕ್ಕಿ ತೊಳೆದ ಕತ್ತು. ಚರ್ಚಿನಲ್ಲಿದ್ದವರೆಲ್ಲ ಒಮ್ಮೆ ಅವಳ ಕಡೆ ತಿರುಗಿ ನೋಡಿದರು. ಆ ಕತ್ತೊಂದು ತಿರುಗಲಿಲ್ಲ.

ಅದು ಯೋಸ್ಟ್ ಹೆಕ್‌ಮನ್‌ನ ಕತ್ತು. ಅವನು ಊರಿನ ಗ್ರೇಬೆ. ಹೆಸ್ಸೆನ್ ಸೀಮೆಯಲ್ಲಿ ಊರಿನ ಮುಖ್ಯಸ್ಥನನ್ನು ಹಾಗೆ ಕರೆಯುತ್ತಾರೆ. ಕಂದಾಯ ಎತ್ತುವವನು, ಜಗಳ ತೀರಿಸುವವನು, ದೊರೆಯ ದಂಡಿಗೆ ಆಳು ಬೇಕಾದಾಗ ಯಾರು ಹೋಗಬೇಕೆಂದು ಬೆರಳು ತೋರಿಸುವವನು ಎಲ್ಲ ಅವನೇ. ಹಿಂದಿನ ಚಳಿಗಾಲದಲ್ಲಿ ದೊರೆ ತನ್ನ ಸೈನಿಕರನ್ನು ಇಂಗ್ಲೆಂಡಿನ ರಾಜನಿಗೆ ಬಾಡಿಗೆಗೆ ಕೊಟ್ಟಿದ್ದ. ಯಾರದೋ ಜಗಳಕ್ಕೆ, ಸಮುದ್ರದ ಆಚೆ, ಹೆಸರೇ ಕೇಳಿರದ ಊರುಗಳಲ್ಲಿ ಹೋಗಿ ಸಾಯಲು ಹುಡುಗರು ಬೇಕಾಗಿದ್ದರು. ವಿಧವೆಯ ಒಬ್ಬನೇ ಮಗನನ್ನು ಮುಟ್ಟಬಾರದೆಂದು ಕಟ್ಟಳೆಯಿತ್ತು. ಗ್ರೇಬೆಯ ಮನೆಯಲ್ಲಿ ಇಬ್ಬರು ಗಂಡುಮಕ್ಕಳಿದ್ದರು. ಕಿರಿಯವನಾದ ಎಕ್‌ಹಾರ್ಟ್‌ಗೆ ಆಗ ಹೋಗುವ ವಯಸ್ಸೇ. ಆದರೆ ಆಳು ಹಿಡಿಯುವವರು ಬಂದಾಗ ಯೋಸ್ಟ್, ಎಕ್‌ಹಾರ್ಟ್ ಇಲ್ಲದೆ ತನ್ನ ಹೊಲ ಬೀಳು ಬೀಳುತ್ತದೆಂದೂ, ಒಟ್ಟಿಲಿಯ ಮಗ ಕೆಲಸವಿಲ್ಲದೆ ಅಲೆಯುವ ಪೋಲಿಯೆಂದೂ ಹೇಳಿಬಿಟ್ಟ. ಆ ಪೋಲಿ ಅಂದು ಬೆಳಗ್ಗೆ ಇದೇ ಗ್ರೇಬೆಯ ಕೊಟ್ಟಿಗೆಯ ಸಗಣಿ ಎತ್ತಿ ಬಂದಿದ್ದ. ಊರಿಗೆಲ್ಲ ಅದು ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ತಮ್ಮ ಮನೆಯ ಬಾಗಿಲು ಬಡಿಯಲಿಲ್ಲವಲ್ಲ ಎಂದು ಒಳಗೊಳಗೇ ಉಸಿರು ಬಿಟ್ಟರು.

ಒಟ್ಟಿಲಿ ಆ ಊರಿನ ಕತೆಗಾರ್ತಿ. ಚಳಿಗಾಲದಲ್ಲಿ ಹೆಂಗಸರೆಲ್ಲ ತಂತಮ್ಮ ರಾಟೆ ಹೊತ್ತು ಪೀಪಾಯಿ ಮಾಡುವವನ ಹೆಂಡತಿ ಗೆಲಾಳ ಮನೆಯಲ್ಲಿ ಸೇರುತ್ತಿದ್ದರು. ಒಂದೇ ಒಲೆಯ ಬಿಸಿಯಲ್ಲಿ ಅಷ್ಟು ಜನ ಅಗಸೆ ನಾರು ನೂಲುವುದು, ಬೇಸರ ಕಳೆಯಲು ಒಟ್ಟಿಲಿ ಕತೆ ಹೇಳುವುದು. ವೆಲ್ಟೆನ್ ಹೋದ ಮೇಲೆ ಅವಳು ಅತ್ತ ಸುಳಿದಿರಲಿಲ್ಲ. ಸಾವಿನ ಸುದ್ದಿ ಬಂದು, ಮೊದಲ ಹಿಮ ಬಿದ್ದ ಮೇಲೆ ಒಂದು ಸಂಜೆ ರಾಟೆ ಎತ್ತಿಕೊಂಡು ಬಂದು ತನ್ನ ಹಳೆಯ ಜಾಗದಲ್ಲೇ ಕೂತಳು. ಯಾರೂ ಕತೆ ಕೇಳುವ ಧೈರ್ಯ ಮಾಡಲಿಲ್ಲ. ಅವಳೇ ಶುರುಮಾಡಿದಳು.

ಒಂದೂರಲ್ಲಿ ಒಬ್ಬ ಕುರುಬನಿದ್ದ ಅಂದಳು. ಇಡೀ ಊರಿನ ಕುರಿಗಳನ್ನು ಅವನೇ ಕಾಯುತ್ತಿದ್ದ, ಅವನ ಸ್ವಂತದ ಮರಿಗಳೂ ಅದರಲ್ಲೇ ಇದ್ದವು. ಕಾಡಿನ ಆಚೆ ಒಂದು ತೋಳ. ವರ್ಷಕ್ಕೊಂದು ಮರಿ ಕೊಟ್ಟರೆ ಮಿಕ್ಕವನ್ನು ಮುಟ್ಟುವುದಿಲ್ಲ ಎಂದು ಅದರ ಮಾತು. ಯಾವ ಮರಿಯ ಬೆನ್ನಿಗೆ ಕೆಮ್ಮಣ್ಣು ಬಳಿದಿರುತ್ತದೋ ಅದು ತೋಳನ ಪಾಲು. ಒಂದು ವರ್ಷ ಸರದಿ ಕುರುಬನ ಮರಿಗೇ ಬಂತು. ಅವನು ನಸುಕಿನಲ್ಲಿ ಎದ್ದು ತನ್ನ ಮರಿಯ ಬೆನ್ನು ತೊಳೆದ. ಅದೇ ಕೈಯಿಂದ ಬಡವಿಯೊಬ್ಬಳ ಒಂದೇ ಒಂದು ಮರಿಗೆ ಮಣ್ಣು ಬಳಿದ. ತೋಳ ಬಂತು, ಒಯ್ಯಿತು. ಕುರುಬ ಹೊಳೆಗೆ ಹೋಗಿ ಕೈ ತೊಳೆದರೆ ಬಣ್ಣ ಹೋಗಲಿಲ್ಲ. ಮರಳು ಹಾಕಿ ತಿಕ್ಕಿದ, ಬೂದಿ ಹಾಕಿ ತಿಕ್ಕಿದ. ಬ್ರೆಡ್ ಮುರಿದರೆ ಬ್ರೆಡ್ ಕೆಂಪಾಯಿತು. ಹೆಂಡತಿಯ ತಲೆ ಸವರಿದರೆ ಅವಳ ಬಿಳಿ ಟೋಪಿ ಕೆಂಪಾಯಿತು. ದೇವರಿಗೆ ಕೈಮುಗಿದರೆ ಎರಡನೆಯ ಕೈಗೂ ಹತ್ತಿತು. ಊರಿನವರು ಏನೂ ಅನ್ನಲಿಲ್ಲ, ಬರೀ ನೋಡಿದರು.

ಅಲ್ಲಿಗೆ ನಿಲ್ಲಿಸಿ ಅವಳು ನಾರು ಎಳೆಯತೊಡಗಿದಳು. ರಾಟೆಗಳು ಯಾವಾಗಲೋ ನಿಂತಿದ್ದವು. ಕೊನೆಗೆ ಗೆಲಾ ಮೆಲ್ಲಗೆ, ಆಮೇಲೆ ಆ ಕುರುಬ ಏನಾದ ಅತ್ತೆ ಎಂದು ಕೇಳಿದಳು.

"ಗೊತ್ತಿಲ್ಲಮ್ಮ. ಇನ್ನೂ ಬದುಕಿದ್ದಾನೆ," ಎಂದಳು ಒಟ್ಟಿಲಿ.

ಮಾರನೆಯ ದಿನದಿಂದಲೇ ಊರು ಗ್ರೇಬೆಯ ಕೈ ನೋಡಲು ಶುರುಮಾಡಿತು. ಯಾರೂ ಮಾತಾಡಿಕೊಂಡು ಮಾಡಿದ್ದಲ್ಲ. ಕಂದಾಯ ಕೊಡಲು ಬಂದವರ ಕಣ್ಣು ಅವನ ಮುಖದಿಂದ ಜಾರಿ ಅಂಗೈಗೆ ಹೋಗುತ್ತಿತ್ತು. ಹೆಂಡದಂಗಡಿಯಲ್ಲಿ ಅವನು ಬಟ್ಟಲು ಎತ್ತಿದರೆ ಪಕ್ಕದವರ ಮಾತು ನಿಲ್ಲುತ್ತಿತ್ತು. ಮಕ್ಕಳು ಹೊಸ ಆಟ ಕಟ್ಟಿದರು. ಸಾಲಾಗಿ ನಿಂತು ಕೈ ಹಿಂದೆ ಕಟ್ಟಿಕೊಳ್ಳುವುದು, ಒಬ್ಬನು ಕುರುಬ ಯಾರೆಂದು ಹುಡುಕುವುದು, ಸಿಕ್ಕವನನ್ನು ಹೊಳೆಯ ತನಕ ಅಟ್ಟಿಸಿಕೊಂಡು ಹೋಗುವುದು. ಗ್ರೇಬೆ ಹಾದುಹೋದರೆ ಆಟ ನಿಲ್ಲಿಸಿ ಟೋಪಿ ತೆಗೆದು ವಿನಯವಾಗಿ ನಮಸ್ಕರಿಸುತ್ತಿದ್ದರು. ಅವನ ಬೆನ್ನು ತಿರುಗಿದ ಮೇಲೆ ಕಿಸಕ್ಕೆಂದು ನಗುತ್ತಿದ್ದರು.

ಒಟ್ಟಿಲಿಗೆ ಇದೆಲ್ಲ ಅನ್ನಕ್ಕಿಂತ ರುಚಿಸಿತು. ಬೈದಿದ್ದರೆ ಅವನು ದಂಡ ಹಾಕುತ್ತಿದ್ದ, ಕಲ್ಲೆಸೆದಿದ್ದರೆ ಸೆರೆಗೆ ಹಾಕುತ್ತಿದ್ದ. ಕತೆಗೆ ಏನು ಮಾಡುತ್ತಾನೆ? ಸಿಟ್ಟಾದರೆ ಆ ಕುರುಬ ನಾನೇ ಎಂದು ತಾನೇ ಒಪ್ಪಿಕೊಂಡ ಹಾಗೆ. ಸಿಟ್ಟಾಗದಿದ್ದರೆ ದಿನವೂ ನುಂಗಬೇಕು. ಅವನು ನುಂಗುವುದನ್ನು ಅವಳು ದಾರಿಯಲ್ಲಿ, ಚರ್ಚಿನಲ್ಲಿ, ಬಾವಿಯ ಹತ್ತಿರ ಕಣ್ಣಾರೆ ನೋಡಿದಳು. ಮಗ ಹೋದ ಮೇಲೆ ಮೊದಲ ಸಲ ಅವಳಿಗೆ ಹೊಟ್ಟೆ ತುಂಬ ಊಟ ಸೇರಿತು.

ಚಳಿ ಇಳಿದು, ಚೆರಿ ಮರ ಹೂ ಬಿಟ್ಟರೂ ಯೋಸ್ಟ್ ಕೈಗವಸು ತೆಗೆಯಲಿಲ್ಲ. ಹುಲ್ಲು ಕೊಯ್ಯುವ ಬಿಸಿಲಿನಲ್ಲೂ ಕಂದು ತೊಗಲಿನ ಕೈಗವಸು ಹಾಕಿಕೊಂಡೇ ಓಡಾಡಿದ. ಅಲ್ಲಿಯವರೆಗೆ ಕತೆಯನ್ನು ಬರೀ ಕತೆ ಎಂದುಕೊಂಡವರೂ ಅಂದಿನಿಂದ ನಂಬಿದರು. ಅಷ್ಟರಲ್ಲಿ ಅವನು ನೂಲುವ ಕೂಟವನ್ನು ನಿಷೇಧಿಸಿ ಆಗಿತ್ತು. ಹೆಂಗಸರು ಸೇರಿದಲ್ಲಿ ಹುಡುಗರು ಸೇರುತ್ತಾರೆ, ನೀತಿ ಕೆಡುತ್ತದೆ, ದೀಪದ ಎಣ್ಣೆ ಹಾಳು ಎಂದು ಕಾರಣ ಕೊಟ್ಟ. ಕತೆ ಕೂಟ ಬಿಟ್ಟು ಊರಿಗೆಲ್ಲ ಸೇರಿದ ಬ್ರೆಡ್ ಒಲೆಯ ಹತ್ತಿರ ಹೋಯಿತು. ಅಲ್ಲಿಂದ ಬಟ್ಟೆ ಒಗೆಯುವ ಕಲ್ಲಿಗೆ, ಅಲ್ಲಿಂದ ಸಂತೆಗೆ, ಸಂತೆಯಿಂದ ಪಕ್ಕದೂರಿಗೆ. ಅಲ್ಲಿ ಯೋಸ್ಟ್‌ನ ಮಗಳಿಗೆ ಗಂಡು ಗೊತ್ತಾಗಿತ್ತು. ಹುಡುಗನ ತಾಯಿ, ಹೆಣ್ಣು ತವರಿಂದ ತರುವ ನಾರುಬಟ್ಟೆಗಳನ್ನು ನೋಡಲು ಬಂದವಳು, ಒಂದೊಂದು ಬಟ್ಟೆಯನ್ನೂ ಬೆಳಕಿಗೆ ಹಿಡಿದು ಏನೋ ಕಲೆ ಹುಡುಕಿದಳಂತೆ. ಆಮೇಲೆ ಅವರ ಕಡೆಯಿಂದ ಮಾತೇ ಬರಲಿಲ್ಲ.

ಆ ಸಂಬಂಧ ಮುರಿದ ವಾರವೇ ಯೋಸ್ಟ್ ಪೇಟೆಗೆ ಹೋಗಿ ಅಮಲ್ದಾರರಲ್ಲಿ ದೂರು ಕೊಟ್ಟ. ಒಟ್ಟಿಲಿಯನ್ನು ಕರೆಸಿದರು.

ಪೇಟೆಗೆ ನಡೆದು ಹೋಗುವಾಗ ಅವಳಿಗೆ ಅದುವರೆಗೆ ಹೊಳೆಯದ ಒಂದು ವಿಷಯ ಹೊಳೆಯಿತು. ಕುರುಬನ ಮೇಲಿನ ಸೇಡಿನಲ್ಲಿ ಅವಳು ತೋಳನನ್ನು ಮರೆತಿದ್ದಳು. ಕುರುಬ ಗ್ರೇಬೆಯಾದರೆ, ಮರಿ ವೆಲ್ಟೆನ್ ಆದರೆ, ತೋಳ ಯಾರು? ಅದನ್ನು ಬಾಯಿಬಿಟ್ಟು ಹೇಳಿದವರ ನಾಲಿಗೆ ಉಳಿಯುವುದಿಲ್ಲ. ತಿರುಗಿ ಹೋಗಲೂ ಆಗದು, ಹಿಂದೆ ಊರಿನ ಕಾವಲುಗಾರ ಬರುತ್ತಿದ್ದ. ನಡೆಯುತ್ತ ನಡೆಯುತ್ತ ಲೆಕ್ಕ ಹಾಕಿದಳು. ತೋಳನ ಹೆಸರು ಯಾರ ಬಾಯಿಂದ ಮೊದಲು ಬೀಳುತ್ತದೋ ಅವರು ಸತ್ತರು. ತನ್ನ ಬಾಯಿಂದ ಬೀಳದ ಹಾಗೆ ನೋಡಿಕೊಂಡರಾಯಿತು.

ಅಮಲ್ದಾರರು ಸೆಕೆಗೆ ಕೋಟಿನ ಗುಂಡಿ ಬಿಚ್ಚಿಕೊಂಡು ಪೇರಳೆಯಂಥ ಪಿಯರ್ ಹಣ್ಣು ಕತ್ತರಿಸಿ ತಿನ್ನುತ್ತಿದ್ದರು. ಕತೆಯನ್ನು ಹೇಳು ಎಂದರು. ಒಟ್ಟಿಲಿ ಗೆಲಾಳ ಮನೆಯಲ್ಲಿ ಹೇಳಿದಂತೆಯೇ, ಒಂದಕ್ಷರ ಕಡಿಮೆ ಮಾಡದೆ ಹೇಳಿದಳು. ಬರೆದುಕೊಳ್ಳುತ್ತಿದ್ದ ಗುಮಾಸ್ತ ಬರೆಯುವುದು ಬಿಟ್ಟು ಕೇಳುತ್ತ ಕೂತ. ಮುಗಿದ ಮೇಲೆ ಅಮಲ್ದಾರರು ಯೋಸ್ಟ್‌ನ ಕಡೆ ತಿರುಗಿದರು.

"ಇದರಲ್ಲಿ ನಿಮ್ಮ ಹೆಸರೆಲ್ಲಿದೆ?"

"ಹೆಸರಿಲ್ಲ ಸ್ವಾಮಿ. ಆದ್ರೆ ಕುರುಬ ಅಂದ್ರೆ ನಾನೇ ಅಂತ ಊರಿಗೆಲ್ಲ ಗೊತ್ತು."

"ನೀವು ಕುರಿ ಕಾಯ್ತೀರಾ?"

"ಇಲ್ಲ ಸ್ವಾಮಿ."

"ಯಾರದಾದ್ರೂ ಮರಿ ಕದ್ದಿದ್ರಾ?"

"ಇಲ್ಲ."

"ಮತ್ತೆ ಈ ಸೆಕೇಲಿ ಕೈಗವಸು ಯಾಕ್ರೀ?"

ಗುಮಾಸ್ತನಿಗೆ ನಗು ತಡೆಯಲಾಗಲಿಲ್ಲ. ಮೂಗಿನಲ್ಲೇ ಒಂದು ಸದ್ದು ಮಾಡಿದ. ಅಷ್ಟೂ ತಿಂಗಳು ಯೋಸ್ಟ್ ನುಂಗಿದ್ದೆಲ್ಲ ಆ ಒಂದು ಸದ್ದಿಗೆ ಹೊರಗೆ ಬಂತು. ಅವನ ಕತ್ತಿನ ನರ ಉಬ್ಬಿತು. ಒಟ್ಟಿಲಿ ಅದನ್ನು ನೋಡಿದಳು.

"ಕುರಿ ಅಲ್ಲ ಸ್ವಾಮಿ, ಹುಡುಗರು," ಎಂದು ಯೋಸ್ಟ್ ಮೇಜಿನ ಮೇಲೆ ಕೈಯೂರಿದ. "ಮರಿ ಅಂದ್ರೆ ಇವಳ ಮಗ. ಅವನನ್ನ ದಂಡಿಗೆ ಕಳಿಸಿದ ಕುರುಬ ನಾನು. ನಮ್ಮ ದೊರೆಯನ್ನ ಇವಳು ತೋಳ ಅಂತಿದ್ದಾಳೆ. ಅಷ್ಟೂ ಗೊತ್ತಾಗಲ್ವಾ ನಿಮಗೆ?"

ಅಮಲ್ದಾರರು ಚಾಕು ಕೆಳಗಿಟ್ಟರು.

"ದೊರೆ ತೋಳ ಅಂತ ಯಾರಂದದ್ದು?"

"ಇವಳು."

"ಇವಳು ತೋಳ ಅಂದಳು. ದೊರೆ ಅಂದದ್ದು ನೀವು." ಗುಮಾಸ್ತನಿಗೆ ಬರೆದುಕೋ ಎಂದು ಸನ್ನೆ ಮಾಡಿ ಅವರು ಒಟ್ಟಿಲಿಯ ಕಡೆ ನೋಡಿದರು. "ಏನಮ್ಮ, ನಿನ್ನ ಕತೇಲಿ ತೋಳ ಯಾರು?"

"ನಾಲ್ಕು ಕಾಲು, ಒಂದು ಬಾಲ ಸ್ವಾಮಿ. ನಮ್ಮ ಕಡೆ ಕಾಡಲ್ಲಿ ಇರೋದು ಅದೊಂದೇ ಥರ. ಗ್ರೇಬೆಯವರು ಯಾವ ತೋಳನನ್ನ ನೋಡಿದ್ದಾರೋ ನನಗೆ ತಿಳೀದು."

ಯೋಸ್ಟ್‌ನ ಬಾಯಿಂದ ಬಿದ್ದದ್ದು ಕಾಗದದ ಮೇಲೆ ಒಣಗುತ್ತಿತ್ತು. ಅಮಲ್ದಾರರು ಅಷ್ಟಕ್ಕೇ ಬಿಡಲಿಲ್ಲ. ಹಾಗಾದರೆ ಒಂದು ಮರಿಯ ಗುರುತನ್ನು ಇನ್ನೊಂದಕ್ಕೆ ಬಳಿದದ್ದೂ ನಿಜವೋ ಎಂದು ಕೇಳಿದರು. ವಿಧವೆಯ ಒಬ್ಬನೇ ಮಗ ದಂಡಿಗೆ ಹೋದದ್ದರ ಬಗ್ಗೆ ಅವರಿಗೇನೂ ಕನಿಕರ ಹುಟ್ಟಿರಲಿಲ್ಲ. ದೊರೆಗೆ ಕೆಟ್ಟ ಹೆಸರು ತರುವವನು ತಮ್ಮ ಕೈಕೆಳಗೆ ಇದ್ದಾನೆಂದು ಮೇಲಿನವರಿಗೆ ಗೊತ್ತಾದರೆ ತಮ್ಮ ಕುರ್ಚಿಗೂ ಕುತ್ತು ಎಂಬ ದಿಗಿಲು, ಅಷ್ಟೇ. ಒಟ್ಟಿಲಿಗೆ ಅದು ಅರ್ಥವಾಯಿತು. ಕನಿಕರ ಅವಳಿಗೂ ಬೇಕಿರಲಿಲ್ಲ. ಕತೆ ಹೇಳುವುದನ್ನು ನಿಲ್ಲಿಸು ಎಂದು ಗದರಿಸಿ ಅವಳನ್ನು ಕಳಿಸಿದರು. ಯೋಸ್ಟ್‌ನನ್ನು ಒಳಗಿಟ್ಟುಕೊಂಡರು.

ಸುಗ್ಗಿ ಮುಗಿಯುವ ಹೊತ್ತಿಗೆ ಅವನು ಊರಿಗೆ ಬಂದ. ಮೈ ಇಳಿದುಹೋಗಿತ್ತು, ಗ್ರೇಬೆತನವೂ ಹೋಗಿತ್ತು. ಚರ್ಚಿನ ಮುಂದಿನ ಬೆಂಚಿನಲ್ಲಿ ಈಗ ಹೊಸ ಗ್ರೇಬೆಯಾದ ಗಿರಣಿಯವನು ಕೂರುತ್ತಿದ್ದ. ಯೋಸ್ಟ್ ಹಿಂದೆ, ಬಾಗಿಲ ಪಕ್ಕದಲ್ಲಿ ನಿಂತುಕೊಂಡ. ಒಟ್ಟಿಲಿ ಪ್ರತಿ ಭಾನುವಾರ ಅವನ ಎದುರಿಗೇ ಹಾದುಹೋಗಿ, ನಿಂತು, ಅವನ ಕೈ ನೋಡಿ ಆಮೇಲೆ ಒಳಗೆ ಹೋಗುತ್ತಿದ್ದಳು. ಅವನು ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಜೇಬಿನಲ್ಲಿ, ಒಮ್ಮೆ ಟೋಪಿಯೊಳಗೆ ಇಟ್ಟುಕೊಳ್ಳುತ್ತಿದ್ದ. ಸಾಕು ಬಿಡು ಅತ್ತೆ ಎಂದು ಗೆಲಾ ಒಮ್ಮೆ ಹೇಳಿದಳು. ಸಮುದ್ರ ನನ್ನ ಮಗನನ್ನು ಬಿಟ್ಟುಕೊಟ್ಟ ದಿನ ನಾನೂ ಬಿಡುತ್ತೇನೆ ಎಂದಳು ಒಟ್ಟಿಲಿ.

ವಸಂತದಲ್ಲಿ ದಂಡಿಗೆ ಮತ್ತೆ ಆಳು ಬೇಕಾಯಿತು. ಹೋದವರು ಹೆಚ್ಚಾಗಿ ಸತ್ತಿದ್ದರು. ಹೊಸ ಗ್ರೇಬೆ ಹೆಚ್ಚು ಯೋಚಿಸಲಿಲ್ಲ, ಎಕ್‌ಹಾರ್ಟ್‌ನನ್ನು ತೋರಿಸಿದ. ಯಾರೂ ಬಾಯಿ ಬಿಡಲಿಲ್ಲ, ಹಿಂದಿನ ಸಲದ ಹಾಗೆಯೇ.

ಹುಡುಗರನ್ನು ಕರೆದೊಯ್ಯುವ ದಿನ ಒಟ್ಟಿಲಿ ಒಗೆದ ಟೋಪಿ ಹಾಕಿಕೊಂಡು ಬೇಕೆಂದೇ ಸೇತುವೆಯ ಹತ್ತಿರ ನಿಂತಳು. ಯೋಸ್ಟ್ ಮಗನ ಪಕ್ಕ ಎಡವುತ್ತ ನಡೆದು ಬರುತ್ತಿದ್ದ. ಕೈಗವಸಿಲ್ಲದ ಆ ಕೈಗಳು ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಗುತ್ತಿದ್ದವು. ಸೈನಿಕನೊಬ್ಬ ಅವನನ್ನು ಹಿಂದಕ್ಕೆ ತಳ್ಳಿದ. ಅದನ್ನು ಕಂಡಾಗ ಒಟ್ಟಿಲಿಯ ಎದೆಯಲ್ಲಿ ಬೆಂಕಿ ಕಾಯಿಸಿಕೊಂಡಂಥ ಸುಖ ಹರಡಿತು. ಇದಕ್ಕಾಗಿಯೇ ಅವಳು ವರ್ಷವಿಡೀ ಬದುಕಿದ್ದಳು.

ಎಕ್‌ಹಾರ್ಟ್ ಅವಳನ್ನು ಕಂಡು ಸಾಲು ಬಿಟ್ಟು ಎರಡು ಹೆಜ್ಜೆ ಈಚೆ ಬಂದ. ಚಿಕ್ಕವನಿದ್ದಾಗ ವೆಲ್ಟೆನ್‌ನ ಜೊತೆ ಅವಳ ಮನೆಯಲ್ಲೇ ಆಡಿ ಬೆಳೆದವನು, ಅವಳ ಕತೆ ಕೇಳುತ್ತ ಅವಳ ಒಲೆಯ ಮುಂದೆ ನಿದ್ದೆ ಹೋದವನು.

"ಅತ್ತೆ, ಅದೇ ಸಮುದ್ರದ ಮೇಲೇ ಹೋಗ್ತಿದ್ದೀನಿ. ವೆಲ್ಟೆನ್‌ಗೆ ಏನಾದ್ರೂ ಹೇಳ್ಬೇಕಾ?"

ಅವನು ಅಣಕಿಸಿ ಕೇಳಿದ್ದಲ್ಲ. ಒಟ್ಟಿಲಿ ಬಾಯಿ ತೆರೆಯುವಷ್ಟರಲ್ಲಿ ಸೈನಿಕ ಅವನನ್ನು ಎಳೆದುಕೊಂಡು ಹೋದ. ಸೇತುವೆಯ ಮೇಲೆ ಅವಳು ಬಹಳ ಹೊತ್ತು ನಿಂತಿದ್ದಳು. ಸುಖ ಇನ್ನೂ ಇತ್ತು, ಆದರೆ ಮೊದಲಿನ ರುಚಿ ಇರಲಿಲ್ಲ.

ಹೊಸ ಗ್ರೇಬೆ ನೂಲುವ ಕೂಟಕ್ಕೆ ಮತ್ತೆ ಅಪ್ಪಣೆ ಕೊಟ್ಟಿದ್ದ. ಆ ಚಳಿಗಾಲದಲ್ಲಿ ಒಂದು ಸಂಜೆ ಗೆಲಾಳ ಮನೆಯ ಬಾಗಿಲು ತೆರೆದು ಯೋಸ್ಟ್‌ನ ಹೆಂಡತಿ ಎಲ್ಸ್‌ಬೆತ್ ರಾಟೆ ಹಿಡಿದು ಒಳಗೆ ಬಂದಳು. ಹಿಂದೆ ಅವಳ ಮನೆಯ ನೂಲನ್ನು ಆಳುಗಳು ನೂಲುತ್ತಿದ್ದರು. ಯಾರೂ ಸರಿದು ಜಾಗ ಕೊಡಲಿಲ್ಲ. ಬಾಗಿಲ ಪಕ್ಕ, ಗಾಳಿ ಬರುವಲ್ಲಿ ಕೂತಳು. ಹೆಂಗಸರು ಒಟ್ಟಿಲಿಯ ಮುಖ ನೋಡಿದರು, ಇಂದು ಬೇರೆ ಏನಾದರೂ ಹೇಳುತ್ತಾಳೇನೋ ಎಂದು. ಒಟ್ಟಿಲಿ ಕುರುಬನ ಕತೆಯನ್ನೇ ಎತ್ತಿಕೊಂಡಳು. ಕೆಂಪಾದ ಬ್ರೆಡ್ಡು, ಕೆಂಪಾದ ಟೋಪಿ, ಯಾವುದನ್ನೂ ಬಿಡಲಿಲ್ಲ. ಹೆಂಡತಿಯ ತಲೆ ಸವರುವಲ್ಲಿ ಇನ್ನಷ್ಟು ನಿಧಾನ ಮಾಡಿದಳು. ಎಲ್ಸ್‌ಬೆತ್ ತಲೆ ಎತ್ತಲಿಲ್ಲ, ಎದ್ದೂ ಹೋಗಲಿಲ್ಲ. ಕೊನೆಯವರೆಗೆ ಕೂತು ಕೇಳಿ, ನೂಲು ಸುತ್ತಿಕೊಂಡು ಹೊರಟಳು. ಮತ್ತೆ ಬಂದಳು. ಬಂದಾಗಲೆಲ್ಲ ಒಟ್ಟಿಲಿ ಅದನ್ನೇ ಹೇಳಿದಳು.

ಚಳಿ ಮುಗಿಯುತ್ತ ಬಂದಾಗ ಎಕ್‌ಹಾರ್ಟ್‌ನ ಸುದ್ದಿಯೂ ಪಾದ್ರಿಗಳ ಕಾಗದದಲ್ಲಿ ಬಂತು. ಗುಂಡು ತಗುಲಿತಂತೆ. ಯೋಸ್ಟ್ ಅಂದಿನಿಂದ ಹಾಸಿಗೆ ಬಿಟ್ಟೇಳಲಿಲ್ಲ.

ಅದಾದ ಕೆಲವು ವಾರಕ್ಕೆ ಒಟ್ಟಿಲಿ ಹಿಟ್ಟಿನ ಬುಟ್ಟಿ ಹೊತ್ತು ಊರಿನ ಒಲೆಯ ಹತ್ತಿರ ಹೋದಾಗ ಅಲ್ಲಿ ಹೆಂಗಸರು ಗುಂಪಾಗಿ ಕೂತಿದ್ದರು. ನಡುವೆ ಎಲ್ಸ್‌ಬೆತ್ ಕತೆ ಹೇಳುತ್ತಿದ್ದಳು. ಒಟ್ಟಿಲಿಯ ಕತೆಯೇ. ಅವಳದೇ ಮಾತು, ಅವಳದೇ ಏರಿಳಿತ. ಒಟ್ಟಿಲಿಯ ಕಣ್ಣು ಕೆಂಪಗಾಯಿತು. ಗಂಡ ನನ್ನ ಮಗನನ್ನು ತೆಗೆದುಕೊಂಡ, ಹೆಂಡತಿ ನನ್ನ ಕತೆಯನ್ನೂ ತೆಗೆದುಕೊಂಡಳು ಅನ್ನಿಸಿತು. ಬುಟ್ಟಿ ಕೆಳಗಿಟ್ಟು, ಜಗಳಕ್ಕೆ ಸೆರಗು ಬಿಗಿದಂತೆ ಮೇಲಂಗಿಯ ಪಟ್ಟಿ ಬಿಗಿದುಕೊಂಡು ಹತ್ತಿರ ಹೋದಳು. ಗೆಲಾ ಅವಳನ್ನು ಕಂಡು ಎದ್ದು ನಿಂತಳು. ಎಲ್ಸ್‌ಬೆತ್ ನಿಲ್ಲಿಸಲಿಲ್ಲ.

ಕುರುಬನ ಕೈ ಕೆಂಪಾಯಿತು, ಸರಿ ಎನ್ನುತ್ತಿದ್ದಳು ಅವಳು. ಊರೆಲ್ಲ ಅವನ ಕೈಯನ್ನೇ ನೋಡುತ್ತ ಕೂತಿತು. ಅಷ್ಟರಲ್ಲಿ ತೋಳ ಮರುವರ್ಷ ಬಂತು. ಕುರುಬನ ಮರಿಯನ್ನೂ ಒಯ್ಯಿತು. ಅದರ ಮರುವರ್ಷವೂ ಬಂತು. ಅದರ ಬಾಯಿ ಕೆಂಪಾದದ್ದನ್ನು ಯಾರೂ ನೋಡಲಿಲ್ಲ. ಆಗ ಮರಿ ಕಳೆದುಕೊಂಡ ಇಬ್ಬರು ಹೆಂಗಸರು ಗುದ್ದಲಿ ತಂದು ಕಾಡಿನ ದಾರಿಯಲ್ಲಿ ಗುಂಡಿ ತೋಡತೊಡಗಿದರು.

ಒಟ್ಟಿಲಿ ನಿಂತಲ್ಲೇ ನಿಂತಳು. ಬೈಯಲು ತಂದಿದ್ದ ಮಾತು ನಾಲಿಗೆಯ ಮೇಲೆ ಇತ್ತು. ಅದರ ಬದಲು ಬೇರೆ ಮಾತು ಹೊರಟಿತು.

"ತೋಳ ಕಾಡಿನ ದಾರೀಲಿ ಬರಲ್ಲ. ಸೇತುವೆ ಕಡೆಯಿಂದ ಬರುತ್ತೆ."

ಎಲ್ಸ್‌ಬೆತ್ ಮೊದಲ ಸಲ ಅವಳ ಮುಖ ನೋಡಿದಳು. "ನಿಂಗೆ ಹೆಂಗೆ ಗೊತ್ತು?"

"ನನ್ನ ಮರಿನ ಆ ದಾರೀಲೇ ಒಯ್ದದ್ದು. ನಿನ್ನದನ್ನೂ ಅಲ್ಲೇ. ನಾನು ನಿಂತು ನೋಡಿದೆ."

ಒಲೆಯ ಬಾಯಲ್ಲಿ ಬೆಂಕಿ ಸದ್ದು ಮಾಡುತ್ತಿತ್ತು. ಎಲ್ಸ್‌ಬೆತ್ ಅದಕ್ಕೆ ಒಂದು ಕಟ್ಟಿಗೆ ನೂಕಿ, ಸರಿ, ಹಾಗಾದರೆ ಗುಂಡಿ ಸೇತುವೆ ಇಳಿಯುವ ಜಾಗದಲ್ಲಿ ಎಂದಳು. ಬರೀ ಗುಂಡಿ ಸಾಲದು, ಕೆಳಗೆ ಚೂಪಾಗಿ ಕೆತ್ತಿದ ಗೂಟ ನೆಡಬೇಕು ಎಂದಳು ಒಟ್ಟಿಲಿ. ಓಕ್ ಮರದ್ದು. ಓಕ್ ಬೇಡ, ಕೆತ್ತೋದು ಕಷ್ಟ ಎಂದಳು ಗೆಲಾ, ಪೀಪಾಯಿಯವನ ಹೆಂಡತಿ, ಮರದ ವಿಷಯ ಬಲ್ಲವಳು. ಬೀಚ್ ಮರ ಆಗುತ್ತದೆ, ತುದಿಯನ್ನು ಬೆಂಕಿಯಲ್ಲಿ ಸುಟ್ಟು ಗಟ್ಟಿ ಮಾಡಬೇಕು. ಇನ್ನೊಬ್ಬಳು ಗುಂಡಿಯ ಮೇಲೆ ಏನು ಮುಚ್ಚುವುದೆಂದು ಕೇಳಿದಳು. ಮತ್ತೊಬ್ಬಳು ತೋಳನ ತೊಗಲನ್ನು ಏನು ಮಾಡುವುದೆಂದು ಈಗಲೇ ಜಗಳ ತೆಗೆದಳು.

ಒಟ್ಟಿಲಿ ಹಿಟ್ಟಿನ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತಳು. ಎಲ್ಸ್‌ಬೆತ್‌ಳ ಪಕ್ಕದಲ್ಲಲ್ಲ, ಎದುರಿಗೆ.